ಕೂಡಿ ಕಟ್ಟುವ ಲೋಕಗಳು



ವಿಜ್ಞಾನ ಸಾಹಿತ್ಯಕ್ಕೆಂದೇ ಮೀಸಲಾದ ವೇದಿಕೆ ಇದು. ಇಲ್ಲಿ ವಿಡಿಯೋ ಗೇಮುಗಳ ಬಗ್ಗೆ, ದಾಳ ಹಾಕಿ ಪಾತ್ರ ವಹಿಸುವ ಆಟಗಳ ಬಗ್ಗೆ, ಎಲ್ಲೂ ಇಲ್ಲದ ಗ್ರಹಗಳಿಗೆ ವಿಶ್ವಕೋಶ ಬರೆಯುವವರ ಬಗ್ಗೆ ಮಾತಾಡಬೇಕೆಂದು ನಾನೇ ಕೇಳಿಕೊಂಡೆ. ವಿಜ್ಞಾನ ಕಥೆಯ ಚರಿತ್ರೆ ಹೇಳುವಾಗ ನಾವು ಸಾಮಾನ್ಯವಾಗಿ ಲೇಖಕರ ಹೆಸರುಗಳನ್ನು ಹೇಳುತ್ತೇವೆ. ವೆಲ್ಸ್, ಅಸಿಮೋವ್, ಕ್ಲಾರ್ಕ್, ಕನ್ನಡಕ್ಕೆ ಬಂದರೆ ರಾಜಶೇಖರ ಭೂಸನೂರಮಠ. ಓದಿದವರು ಏನು ಮಾಡಿದರು ಎನ್ನುವುದು ಆ ಚರಿತ್ರೆಯಲ್ಲಿ ಬರುವುದಿಲ್ಲ. ಈ ಸಾಹಿತ್ಯದ ದೊಡ್ಡ ಪಾಲು ಓದುಗರ ಹವ್ಯಾಸಗಳಲ್ಲಿಯೇ ಬೆಳೆದಿದೆ ಎಂಬುದು ನನ್ನ ನಂಬಿಕೆ. ಆ ಹವ್ಯಾಸಗಳ ಸೊಗಸು ಇರುವುದು ಮನಬಂದಂತೆ ಕಲ್ಪಿಸಿಕೊಳ್ಳುವುದರಲ್ಲಿ ಎಂದು ಹೊರಗಿನವರು ಭಾವಿಸುತ್ತಾರೆ. ನಾನು ಕಂಡಂತೆ ಅದು ಇರುವುದು ಒಂದು ಕಟ್ಟುಪಾಡನ್ನು ಒಪ್ಪಿಕೊಂಡು, ಅದರೊಳಗೆ ಹತ್ತು ಜನ ಸೇರಿ ಕಟ್ಟುವುದರಲ್ಲಿ.

1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ನ್ಯೂಯಾರ್ಕಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆ ಆರಂಭಿಸಿದರು. ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಅದರಲ್ಲಿ ಓದುಗರ ಪತ್ರಗಳನ್ನು ಬರೆದವರ ವಿಳಾಸದೊಂದಿಗೆ ಅಚ್ಚು ಹಾಕುತ್ತಿದ್ದರು. ವಿಳಾಸ ಸಿಕ್ಕಿದ್ದೇ ತಡ, ಓದುಗರು ಸಂಪಾದಕರನ್ನು ಬಿಟ್ಟು ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು. 1930ರ ಹೊತ್ತಿಗೆ ಅವರವರೇ ಕೈಯಾರೆ ಪ್ರತಿ ತೆಗೆದು ಹಂಚುವ ಪುಟ್ಟ ಪತ್ರಿಕೆಗಳು ಹುಟ್ಟಿದವು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಸೇರಿತು. ಓದುಗರ ಆ ಪತ್ರಗಳಲ್ಲಿ ಹೊಗಳಿಕೆಯ ಜೊತೆಗೆ ತಕರಾರೂ ಇರುತ್ತಿತ್ತು: ಇಂಥ ಕಥೆಯ ರಾಕೆಟ್ಟು ಇಷ್ಟು ಇಂಧನದಲ್ಲಿ ಅಲ್ಲಿಗೆ ಮುಟ್ಟಲಾರದು, ಇಂಥ ಗ್ರಹದಲ್ಲಿ ಆ ಪ್ರಾಣಿ ಬದುಕಲಾರದು ಎಂದು. ಕಥೆಯನ್ನು ನಂಬಿ ಓದಿದವರಿಗೆ ಮಾತ್ರ ಬರುವ ತಕರಾರು ಅದು.

ಈ ಸ್ವಭಾವ ವಿಡಿಯೋ ಗೇಮಿಗೆ ಹೇಗೆ ಇಳಿಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1961ರಲ್ಲಿ ಅಮೆರಿಕದ ಎಂಐಟಿಗೆ ಪಿಡಿಪಿ-1 ಎಂಬ ಕಂಪ್ಯೂಟರ್ ಬಂತು. ಅದಕ್ಕೆ ದುಂಡನೆಯ ಒಂದು ಪರದೆ ಇತ್ತು. ಸ್ಟೀವ್ ರಸೆಲ್, ಮಾರ್ಟಿನ್ ಗ್ರೇಟ್ಜ್, ವೇಯ್ನ್ ವೀಟನೆನ್ ಎಂಬ ಗೆಳೆಯರು ಇ. ಇ. ಸ್ಮಿತ್ ಎಂಬ ಲೇಖಕನ ಅಂತರಿಕ್ಷ ಸಾಹಸದ ಕಾದಂಬರಿಗಳನ್ನು ಮುಗಿಬಿದ್ದು ಓದುತ್ತಿದ್ದವರು. ಯಂತ್ರದಿಂದ ಏನು ಮಾಡಿಸಬಹುದು ಎಂದು ತಲೆ ಕೆಡಿಸಿಕೊಂಡಾಗ ಅವರಿಗೆ ಹೊಳೆದದ್ದು ಆ ಕಾದಂಬರಿಗಳ ನೌಕಾಯುದ್ಧ. 1962ರಲ್ಲಿ ‘ಸ್ಪೇಸ್‌ವಾರ್’ ತಯಾರಾಯಿತು. ಎರಡು ನೌಕೆ, ಇಬ್ಬರು ಆಟಗಾರರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅದೇ ಬಳಗದ ಡ್ಯಾನ್ ಎಡ್ವರ್ಡ್ಸ್‌ಗೆ ಗುರುತ್ವ ಇಲ್ಲದ ಆಕಾಶ ಸಪ್ಪೆ ಎನಿಸಿತು. ಪರದೆಯ ನಡುವೆ ಒಂದು ನಕ್ಷತ್ರ ಇಟ್ಟು, ಎರಡೂ ನೌಕೆಗಳನ್ನು ಅದು ಸದಾ ಸೆಳೆಯುವಂತೆ ಮಾಡಿದರು. ಇನ್ನೊಬ್ಬ ಗೆಳೆಯ ಪೀಟರ್ ಸ್ಯಾಮ್ಸನ್ ಹಿನ್ನೆಲೆಯ ಚುಕ್ಕೆಗಳನ್ನು ನೋಡಿ ಬೇಸರಪಟ್ಟರು. ರಸೆಲ್ ಅವನ್ನು ಎಲ್ಲೆಂದರಲ್ಲಿ ಚೆಲ್ಲಿದ್ದರು. ಸ್ಯಾಮ್ಸನ್ ನಾವಿಕರು ಬಳಸುವ ಪಂಚಾಂಗ ಹಿಡಿದು ಕೂತು, ಖಗೋಳದ ಮಧ್ಯರೇಖೆಯ ಆಚೀಚೆ ಕಾಣುವ ನಿಜವಾದ ನಕ್ಷತ್ರಗಳನ್ನು ಅವುಗಳ ಸ್ಥಾನ ಮತ್ತು ಕಾಂತಿಗೆ ತಕ್ಕಂತೆ ಯಂತ್ರಕ್ಕೆ ತುಂಬಿದರು. ಆಡುವವನ ಕಣ್ಣು ಎದುರಾಳಿಯ ಮೇಲಿರುತ್ತದೆ, ಹಿನ್ನೆಲೆಯ ಮೇಲಲ್ಲ. ಸ್ಯಾಮ್ಸನ್‌ಗೆ ಅದು ಗೊತ್ತಿತ್ತು. ಆದರೂ ಆಕಾಶ ಸುಳ್ಳಾಗಿರುವುದನ್ನು ಅವರಿಂದ ಸಹಿಸಲಾಗಲಿಲ್ಲ. ವಿಜ್ಞಾನ ಕಥಾಪ್ರಿಯ ಎಂದರೆ ಯಾರು ಎಂದು ಕೇಳಿದವರಿಗೆ ನಾನು ಸ್ಯಾಮ್ಸನ್‌ರನ್ನು ತೋರಿಸುತ್ತೇನೆ.

ಮೆಕ್ಸಿಕೋ ನಗರದ ತಂಡವೊಂದು ರೂಪಿಸಿ 2011ರಲ್ಲಿ ಹೊರತಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಇದೇ ವಂಶದ್ದು. ಅದರಲ್ಲಿ ನಾವೇ ರಾಕೆಟ್ ಜೋಡಿಸಿ ಹಾರಿಸಬೇಕು. ಕಕ್ಷೆಯಲ್ಲಿ ನಮ್ಮ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಲು ಹೊಸಬರು ಎಂಜಿನ್ ಹಚ್ಚಿ ಮುನ್ನುಗ್ಗುತ್ತಾರೆ, ಇನ್ನಷ್ಟು ಹಿಂದೆ ಬೀಳುತ್ತಾರೆ. ವೇಗ ಕೂಡಿಸಿದರೆ ಕಕ್ಷೆ ಮೇಲೇರುತ್ತದೆ, ಮೇಲಿನ ಕಕ್ಷೆಯಲ್ಲಿ ಸುತ್ತು ಮುಗಿಸಲು ಹೆಚ್ಚು ಹೊತ್ತು ಬೇಕು. ಹಿಡಿಯಬೇಕೆಂದರೆ ಬ್ರೇಕ್ ಹಾಕಿ ಕೆಳಗಿಳಿಯಬೇಕು. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಪಾಸಾದ ಎಷ್ಟೋ ಹುಡುಗರಿಗೆ ಇದು ಮೈಗೆ ಹತ್ತಿದ್ದು ಆ ಆಟದಲ್ಲಿ.

ಇನ್ನು 1984ರ ‘ಎಲೀಟ್’. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಅದನ್ನು ಬಿಬಿಸಿ ಮೈಕ್ರೋ ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ಬರೆದರು. ಯಂತ್ರದ ಒಟ್ಟು ನೆನಪು 32 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಇದರ ನೂರು ಪಟ್ಟು ಇರುತ್ತದೆ. ಅಷ್ಟರಲ್ಲಿ ಎಂಟು ಗೆಲಾಕ್ಸಿ, ಒಂದೊಂದರಲ್ಲಿ 256 ಗ್ರಹ, ಪ್ರತಿಯೊಂದಕ್ಕೂ ಹೆಸರು, ಸರ್ಕಾರ, ಮಾರುಕಟ್ಟೆ ದರ. ಇವನ್ನೆಲ್ಲ ಅವರು ಸಂಗ್ರಹಿಸಿಡಲಿಲ್ಲ. ಬೀಜದಂತೆ ಕೆಲವೇ ಅಂಕಿಗಳನ್ನು ಇಟ್ಟು, ಒಂದು ಗಣಿತ ಕ್ರಮದಿಂದ ಬೇಕಾದಾಗ ಗ್ರಹ ಹುಟ್ಟಿಕೊಳ್ಳುವಂತೆ ಮಾಡಿದರು. ಬೀಜ ಒಂದೇ, ಕ್ರಮ ಒಂದೇ; ಹಾಗಾಗಿ ಲಂಡನ್ನಿನ ಹುಡುಗಿಯ ಯಂತ್ರದಲ್ಲಿ ಹುಟ್ಟುವ ಗ್ರಹವೇ ಎಡಿನ್‌ಬರೋ ಹುಡುಗನ ಯಂತ್ರದಲ್ಲೂ ಹುಟ್ಟುತ್ತದೆ. ಪರಸ್ಪರ ಮುಖ ನೋಡದ ಇಬ್ಬರು ‘ಲೇವ್’ ಗ್ರಹದ ಆಹಾರದ ಬೆಲೆಯ ಬಗ್ಗೆ ಪತ್ರ ಬರೆದುಕೊಳ್ಳಬಹುದು. ಆಗಿನ ಆ ಯಂತ್ರಗಳ ನಡುವೆ ತಂತಿಯ ಸಂಪರ್ಕವೂ ಇರಲಿಲ್ಲ, ಆದರೂ ಲೋಕ ಒಂದೇ ಆಗಿತ್ತು.

2016ರಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ಇದೇ ಉಪಾಯವನ್ನು ಹಿಗ್ಗಿಸಿತು. 18ರ ಮುಂದೆ 18 ಸೊನ್ನೆ ಬರೆದರೆ ಎಷ್ಟೋ, ಸರಿಸುಮಾರು ಅಷ್ಟು ಗ್ರಹಗಳು. ಬಿಡುಗಡೆಯಾದಾಗ ಆಟಗಾರರು ಸಿಟ್ಟಿಗೆದ್ದರು. ಎಲ್ಲಿಗೆ ಹೋದರೂ ಗ್ರಹವಿತ್ತು, ಮಾಡಲು ಕೆಲಸವಿರಲಿಲ್ಲ, ಭೇಟಿಯಾಗಲು ಇನ್ನೊಬ್ಬರಿರಲಿಲ್ಲ. ತಯಾರಕರು ವರ್ಷಗಟ್ಟಲೆ ದುಡಿದು ಅದನ್ನು ಸರಿಪಡಿಸಿದರು. ಒಟ್ಟಿಗೆ ಮನೆ ಕಟ್ಟುವ, ಒಟ್ಟಿಗೆ ಅಲೆಯುವ ಅನುಕೂಲ ಬಂದ ಮೇಲೆ ಜನ ಮರಳಿ ಬಂದರು. ಗ್ರಹಗಳ ಸಂಖ್ಯೆ ಹೆಚ್ಚಿದರೆ ಲೋಕ ದೊಡ್ಡದಾಗುತ್ತದೆ ಎಂದು ನಂಬುವ ಉದ್ಯಮ ಈ ಪಾಠವನ್ನು ಇನ್ನೂ ಪೂರ್ತಿ ಅರಗಿಸಿಕೊಂಡಂತಿಲ್ಲ.

ಪರದೆಯಿಂದ ಮೇಜಿಗೆ ಬರುತ್ತೇನೆ. 1977ರಲ್ಲಿ ಮಾರ್ಕ್ ಮಿಲ್ಲರ್ ‘ಟ್ರಾವೆಲರ್’ ಎಂಬ ಆಟವನ್ನು ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಹೊರತಂದರು. ಕಂಪ್ಯೂಟರ್ ಬೇಡ. ನಾಲ್ಕೈದು ಜನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬರು ಲೋಕವನ್ನು ನಡೆಸುತ್ತಾರೆ, ಸಂದೇಹ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ಇದರಲ್ಲಿನ ಒಂದು ನಿಯಮ ನನಗೆ ಬಹಳ ಇಷ್ಟ. ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯಬಹುದು, ಆದರೆ ಪ್ರತಿ ಜಿಗಿತಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಹತ್ತಿರವಿರಲಿ ದೂರವಿರಲಿ, ವಾರ. ನೌಕೆಗಿಂತ ವೇಗವಾಗಿ ಸುದ್ದಿ ಹೋಗುವ ಯಾವ ದಾರಿಯೂ ಇಲ್ಲ. ರೇಡಿಯೋ ಇಲ್ಲ, ಮಾಯೆ ಇಲ್ಲ. ಈಗ ಇದರ ಪರಿಣಾಮ ಯೋಚಿಸಿ. ಗಡಿಯಲ್ಲಿ ದಂಗೆಯೆದ್ದರೆ ರಾಜಧಾನಿಗೆ ತಿಳಿಯಲು ತಿಂಗಳುಗಳು ಬೇಕು, ಅಲ್ಲಿಂದ ಅಪ್ಪಣೆ ಬರಲು ಮತ್ತಷ್ಟು ತಿಂಗಳು. ಹಾಗಾಗಿ ಚಕ್ರವರ್ತಿ ಎಷ್ಟೇ ಬಲಶಾಲಿಯಾದರೂ ಸ್ಥಳೀಯ ಮಾಂಡಲಿಕನಿಗೆ ಅಧಿಕಾರ ಬಿಟ್ಟುಕೊಡಲೇಬೇಕು. ಟಪಾಲು ಹೊತ್ತ ನೌಕೆಗೆ ಮಹತ್ವ ಬರುತ್ತದೆ. ಬೆಲೆ ಏರಿದ ಸುದ್ದಿ ಮೊದಲು ತಿಳಿದ ವ್ಯಾಪಾರಿ ಶ್ರೀಮಂತನಾಗುತ್ತಾನೆ. ಒಂದು ನಿಯಮದಿಂದ ರಾಜಕೀಯ, ವಾಣಿಜ್ಯ, ಅಂಚೆ ಎಲ್ಲ ಹುಟ್ಟಿದವು. ಆಮೇಲೆ ಸಾವಿರಾರು ಅಭಿಮಾನಿಗಳು ನಕ್ಷೆಯ ಖಾಲಿ ಜಾಗಗಳನ್ನು ತುಂಬಿದರು. ಯಾರು ತುಂಬಿದರೂ ಆ ವಾರದ ನಿಯಮವನ್ನು ಮೀರುವಂತಿರಲಿಲ್ಲ.

ಕರಾವಳಿ, ಮಲೆನಾಡಿನವರಿಗೆ ಈ ಕೂಟ ಅಪರಿಚಿತ ಎನಿಸಲಾರದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ವಾಲಿಮೋಕ್ಷ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ, ರಾಮನ ಅರ್ಥ ಹೇಳುವವರು ಆ ಗಳಿಗೆಯಲ್ಲಿ ರಾಮನಿಗೆ ಗೊತ್ತಿರುವುದರಿಂದಲೇ ಉತ್ತರ ಕೊಡಬೇಕು. ಲೋಕದ ಹೊರಗಿನಿಂದ ಒಂದು ವಾದ ತಂದರೂ ಮುಂದಿನ ಸಾಲಿನಲ್ಲಿ ಕೂತ ಅಜ್ಜ ತಲೆ ಅಲ್ಲಾಡಿಸುತ್ತಾರೆ. ಟ್ರಾವೆಲರ್ ಆಡುವವರಿಗೂ ಇದೇ ಶಿಸ್ತು. ವ್ಯತ್ಯಾಸವೂ ದೊಡ್ಡದಿದೆ: ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಸಾಯಲೇಬೇಕು, ದಾಳದ ಆಟದಲ್ಲಿ ಕೊನೆ ಏನೆಂದು ನಡೆಸುವವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವ ಕೊನೆಯ ಕಡೆಗೆ ಹೊಸ ದಾರಿಯಲ್ಲಿ ಹೋಗುವ ಕಲೆ ನಮ್ಮಲ್ಲಿ ಬೆಳೆದಿದೆ. ಕೊನೆಯನ್ನೇ ತೆರೆದಿಟ್ಟು ಕೂಡುವ ಕಲೆ ಇನ್ನೂ ಬೆಳೆಯಬೇಕಾಗಿದೆ. ಬೆಳೆಸಲು ಬೇಕಾದ ನಾಲಿಗೆಯಂತೂ ಸಿದ್ಧವಾಗಿದೆ.

ಇಂಥ ಮೇಜಿನಿಂದ ಸಾಹಿತ್ಯ ಹುಟ್ಟಿದ ನಿದರ್ಶನ ಕೇಳುವವರಿಗೆ ‘ದಿ ಎಕ್ಸ್‌ಪ್ಯಾನ್ಸ್’ ಕಾದಂಬರಿ ಮಾಲೆ ಸಾಕು. ಟೈ ಫ್ರ್ಯಾಂಕ್ ಆ ಸೌರಮಂಡಲವನ್ನು ಮೊದಲು ರೂಪಿಸಿದ್ದು ಆನ್‌ಲೈನ್ ಆಟವೊಂದಕ್ಕಾಗಿ. ಆ ಆಟ ಬರಲಿಲ್ಲ. ಆಮೇಲೆ ಗೆಳೆಯರ ಜೊತೆ ಪಾತ್ರ ವಹಿಸುವ ಆಟವಾಗಿ ನಡೆಸಿದರು. ಅದರಲ್ಲಿ ಆಡಿದ ಲೇಖಕ ಡೇನಿಯಲ್ ಅಬ್ರಹಾಂ, ಇಷ್ಟೆಲ್ಲ ವಿವರ ಸಿದ್ಧವಿರುವಾಗ ಕಾದಂಬರಿಯನ್ನೇ ಬರೆಯೋಣ ಎಂದರು. ಇಬ್ಬರೂ ಒಂದೇ ಕಾವ್ಯನಾಮದಲ್ಲಿ ಬರೆದ ಮೊದಲ ಸಂಪುಟ 2011ರಲ್ಲಿ ಬಂತು, ಒಂಬತ್ತನೆಯದು 2021ರಲ್ಲಿ. ಆ ಲೋಕದ ಜನರ ಮೂಳೆ, ಭಾಷೆ, ಸಿಟ್ಟು ಎಲ್ಲಕ್ಕೂ ಅವರು ಹುಟ್ಟಿದ ಜಾಗದ ಗುರುತ್ವವೇ ಕಾರಣ. ಆಟಗಾರರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಹದಗೊಂಡ ಲೋಕ ಅದು.

ಓದುಗರ ತಕರಾರಿನ ಮಾತು ಆಗ ಹೇಳಿದೆ. ಅದರ ಅತ್ಯುತ್ತಮ ಅಧ್ಯಾಯ ಈಗ. 1970ರಲ್ಲಿ ಲ್ಯಾರಿ ನಿವೆನ್ ‘ರಿಂಗ್‌ವರ್ಲ್ಡ್’ ಎಂಬ ಕಾದಂಬರಿ ಬರೆದರು. ನಕ್ಷತ್ರದ ಸುತ್ತ, ಭೂಮಿಗೂ ಸೂರ್ಯನಿಗೂ ಇರುವಷ್ಟು ದೂರದಲ್ಲಿ, ಬಳೆಯಂಥ ಒಂದು ಕಟ್ಟಡ. ಪಟ್ಟಿಯ ಅಗಲವೇ ಸುಮಾರು 16 ಲಕ್ಷ ಕಿಲೋಮೀಟರ್. ಅದು ಗಿರ್ರನೆ ತಿರುಗುವುದರಿಂದ ಒಳಮೈಯಲ್ಲಿ ಜನ ನಿಲ್ಲಬಹುದು. ಪುಸ್ತಕಕ್ಕೆ ದೊಡ್ಡ ಪ್ರಶಸ್ತಿಗಳು ಬಂದವು. 1971ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಸಮ್ಮೇಳನ ನಡೆದಾಗ ಎಂಐಟಿಯ ವಿದ್ಯಾರ್ಥಿಗಳು ಹೋಟೆಲಿನ ಓಣಿಗಳಲ್ಲಿ ಘೋಷಣೆ ಕೂಗುತ್ತಾ ಓಡಾಡಿದರು: ರಿಂಗ್‌ವರ್ಲ್ಡ್ ಸ್ಥಿರವಲ್ಲ!

ಅವರು ಹೇಳಿದ್ದು ಸರಿ. ಗ್ರಹವೊಂದು ತನ್ನ ಕಕ್ಷೆಯಲ್ಲಿ ಬಿದ್ದುಕೊಂಡೇ ಸುತ್ತುತ್ತಿರುತ್ತದೆ, ಸ್ವಲ್ಪ ಅಲುಗಿದರೂ ಬೇರೊಂದು ಕಕ್ಷೆ ಹಿಡಿದು ಉಳಿಯುತ್ತದೆ. ಗಟ್ಟಿ ಬಳೆಗೆ ಆ ಸೌಕರ್ಯವಿಲ್ಲ. ಬಳೆ ಒಂದಿಷ್ಟು ಪಕ್ಕಕ್ಕೆ ಸರಿದರೆ ನಕ್ಷತ್ರಕ್ಕೆ ಹತ್ತಿರವಾದ ಭಾಗದ ಸೆಳೆತ ಹೆಚ್ಚುತ್ತದೆ, ಬಳೆ ಇನ್ನಷ್ಟು ಸರಿಯುತ್ತದೆ, ಸರಿಯುತ್ತ ಸರಿಯುತ್ತ ಕೊನೆಗೆ ನಕ್ಷತ್ರಕ್ಕೆ ತಾಗುತ್ತದೆ. ಶನಿಯ ಉಂಗುರಗಳು ಒಂದೇ ಗಟ್ಟಿ ತಟ್ಟೆಯಾಗಿರಲಾರವು, ಲೆಕ್ಕವಿಲ್ಲದಷ್ಟು ಬಿಡಿ ಚೂರುಗಳಾಗಿರಬೇಕು ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1859ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಾಧಿಸಿದ್ದೂ ಇದೇ ದಾರಿಯಲ್ಲಿ.

ನಿವೆನ್ ಕೋಪಗೊಳ್ಳಲಿಲ್ಲ. 1980ರ ಹೊತ್ತಿಗೆ ಎರಡನೆಯ ಕಾದಂಬರಿ ಬರೆದು, ಬಳೆಯ ಅಂಚಿನಲ್ಲಿ ಅದನ್ನು ನಡುವಿಗೆ ತಳ್ಳಿ ನಿಲ್ಲಿಸುವ ದೊಡ್ಡ ಎಂಜಿನ್‌ಗಳಿದ್ದವು ಎಂದರು. ಹಾಗಾದರೆ ಮೊದಲ ಪುಸ್ತಕದಲ್ಲಿ ಅವು ಏಕೆ ಕಾಣಲಿಲ್ಲ? ಅಲ್ಲಿನ ನಿವಾಸಿಗಳು ಬಹುಪಾಲು ಎಂಜಿನ್‌ಗಳನ್ನು ಕಿತ್ತು ತಮ್ಮ ನೌಕೆಗಳಿಗೆ ಜೋಡಿಸಿಕೊಂಡುಬಿಟ್ಟಿದ್ದಾರೆ. ಈಗ ಲೋಕವೇ ಜಾರುತ್ತಿದೆ. ತಪ್ಪೇ ಕಥೆಯ ಬೆನ್ನೆಲುಬಾಯಿತು. ತಮ್ಮ ಕಾಲಕೆಳಗಿನ ನೆಲವನ್ನು ಹಿಡಿದಿಟ್ಟ ಯಂತ್ರವನ್ನು ಪ್ರಯಾಣದ ಆಸೆಗೆ ಬಿಚ್ಚಿಕೊಂಡ ಜನರ ಚಿತ್ರ, ಆ ಹುಡುಗರು ಕೂಗದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ವಿಮರ್ಶೆಯೆಂಬುದು ಸೃಷ್ಟಿಯ ಶತ್ರು ಎಂದು ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಆಗಾಗ ಕೇಳುತ್ತೇನೆ. ಆಗೆಲ್ಲ ನನಗೆ ಬಾಸ್ಟನ್ನಿನ ಆ ಓಣಿ ನೆನಪಾಗುತ್ತದೆ.

ನಿವೆನ್ ಒಬ್ಬರೇ ಲೇಖಕರು, ತಿದ್ದಿದವರು ಹಲವರು. ಲೇಖಕರೇ ಹಲವರಾದರೆ? 2000ದಲ್ಲಿ ಅಲನ್ ಕಾಜ್ಲೆವ್, ಡೊನ್ನಾ ಹಿರ್ಸೆಕಾರ್ನ್ ಮತ್ತು ಜೊತೆಗಾರರು ಆರಂಭಿಸಿದ ‘ಓರಾಯನ್ಸ್ ಆರ್ಮ್’ ಎಂಬ ಜಂಟಿ ಲೋಕ ಇಂದಿಗೂ ಬೆಳೆಯುತ್ತಿದೆ. ನಮ್ಮಿಂದ ಹತ್ತು ಸಾವಿರ ವರ್ಷಕ್ಕೂ ಆಚೆಯ ಕಾಲ. ಅದರ ಮುಖ್ಯ ಕೃತಿ ಕಾದಂಬರಿಯಲ್ಲ, ವಿಶ್ವಕೋಶ. ಒಬ್ಬರು ಗ್ರಹದ ನಮೂದು ಬರೆಯುತ್ತಾರೆ, ಇನ್ನೊಬ್ಬರು ಅಲ್ಲಿನ ಧರ್ಮದ್ದು, ಮತ್ತೊಬ್ಬರು ಅಲ್ಲಿಯ ಹುಳುವಿನದು. ಬೆಳಕಿಗಿಂತ ವೇಗವಾಗಿ ಯಾವ ನೌಕೆಯೂ ಹೋಗುವಂತಿಲ್ಲ. ಮನುಷ್ಯರಿಗೆ ರಬ್ಬರ್ ಕಿವಿ ಅಂಟಿಸಿದಂಥ ಅನ್ಯಜೀವಿಗಳಿಗೆ ಪ್ರವೇಶವಿಲ್ಲ. ತಿಳಿದಿರುವ ಭೌತವಿಜ್ಞಾನವನ್ನು ಮುರಿಯುವ ಬರಹವನ್ನು ಉಳಿದವರು ಚರ್ಚಿಸಿ ತಿದ್ದುತ್ತಾರೆ ಇಲ್ಲವೇ ಕೈಬಿಡುತ್ತಾರೆ. ಅವರ ಶಕೆ 1969ರ ಜುಲೈ 20ರಿಂದ, ಮನುಷ್ಯ ಚಂದ್ರನ ಮೇಲೆ ಇಳಿದ ದಿನದಿಂದ, ಆರಂಭವಾಗುತ್ತದೆ. ಯಾವ ರಾಜನ ಪಟ್ಟಾಭಿಷೇಕಕ್ಕೂ ಯಾವ ಯುದ್ಧಕ್ಕೂ ಗಂಟು ಹಾಕದ ಆ ಶಕೆ ನನಗೆ ತುಂಬಾ ಹಿಡಿಸಿದೆ.

ಕೂಡಿ ಕಟ್ಟಿದ್ದು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. 2008ರಿಂದ ಬೆಳೆದ ‘ಎಸ್‌ಸಿಪಿ ಫೌಂಡೇಶನ್’ ಎಂಬ ಇನ್ನೊಂದು ಜಂಟಿ ಲೋಕ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ: ಬರೆದವರ ಹೆಸರು ಹೇಳಿ, ನಿಮ್ಮದನ್ನೂ ಅದೇ ಷರತ್ತಿನಲ್ಲಿ ಹಂಚಿಕೊಳ್ಳುವುದಾದರೆ ಯಾರು ಬೇಕಾದರೂ ಮುಂದುವರಿಸಬಹುದು. ಅದರ ಮೊಟ್ಟಮೊದಲ ಕಥೆಯ ಜೊತೆಗಿದ್ದ ಚಿತ್ರ ಮಾತ್ರ ಜಪಾನಿನ ಕಲಾವಿದ ಇಜುಮಿ ಕಾಟೋ ಅವರ ಶಿಲ್ಪದ್ದು. ಆ ಷರತ್ತಿಗೆ ಅದು ಒಳಪಟ್ಟಿರಲಿಲ್ಲ. 2022ರಲ್ಲಿ ಕಲಾವಿದರ ಮೇಲಿನ ಗೌರವದಿಂದ ಆ ಚಿತ್ರವನ್ನು ತೆಗೆದರು. ಅಷ್ಟು ಪ್ರಸಿದ್ಧವಾದ ಚಿತ್ರವನ್ನು ತೆಗೆದದ್ದು ಒಳ್ಳೆಯ ಕೆಲಸ ಎಂದೇ ನನ್ನ ಎಣಿಕೆ.

ಹವ್ಯಾಸ ವಿಜ್ಞಾನಕ್ಕೆ ಮರಳಿ ಹರಿದದ್ದೂ ಉಂಟು. ಐಸ್‌ಲ್ಯಾಂಡಿನ ಸಂಸ್ಥೆಯೊಂದು 2003ರಿಂದ ನಡೆಸುತ್ತಿರುವ ‘ಈವ್ ಆನ್‌ಲೈನ್’ ಆಟದೊಳಗೆ 2017ರಲ್ಲಿ ನಿಜವಾದ ನಕ್ಷತ್ರಗಳ ಬೆಳಕಿನ ದಾಖಲೆಗಳನ್ನು ಇಟ್ಟರು. ಆಟಗಾರರು ಬಿಡುವಿನಲ್ಲಿ ಆ ಗೆರೆಗಳನ್ನು ನೋಡಿ, ಗ್ರಹ ಅಡ್ಡ ಹಾದಾಗ ಬೀಳುವ ಸಣ್ಣ ಕುಳಿಯನ್ನು ಗುರುತಿಸಬೇಕಿತ್ತು. ಜಿನೀವಾ ವಿಶ್ವವಿದ್ಯಾಲಯ ಜೊತೆಗಿತ್ತು. 2019ರಲ್ಲಿ ನೊಬೆಲ್ ಪಡೆದ ಮಿಷೆಲ್ ಮೇಯರ್ ಆ ಕೆಲಸಕ್ಕೆ ಕೈಜೋಡಿಸಿದ್ದರು.

ಕೊನೆಯದಾಗಿ, ಹೀಗೆ ಕೂಡಿ ಲೋಕ ಕಟ್ಟುವುದನ್ನು ಕನ್ನಡದಲ್ಲಿ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ ಒಂದು ಪ್ರಯತ್ನವನ್ನು ವಿವರಿಸುತ್ತೇನೆ. ಕುಮಟಾ ಕಡೆಯ ಒಂದು ಪ್ರೌಢಶಾಲೆಯ ಮಕ್ಕಳ ಜೊತೆ ಲೋಕ ಕಟ್ಟಲು ಕೂತೆವು. ಆಯ್ದುಕೊಂಡದ್ದು ಟ್ರ್ಯಾಪಿಸ್ಟ್-1. ಕುಂಭ ರಾಶಿಯ ದಿಕ್ಕಿನಲ್ಲಿ ಸುಮಾರು 40 ಜ್ಯೋತಿರ್ವರ್ಷ ದೂರದ ಪುಟ್ಟ ಕೆಂಪು ನಕ್ಷತ್ರ. ಅದಕ್ಕೆ ಭೂಮಿಯ ಗಾತ್ರಕ್ಕೆ ಹತ್ತಿರವಾದ ಏಳು ಗ್ರಹಗಳಿವೆ ಎಂದು 2017ರಲ್ಲಿ ಪ್ರಕಟವಾಯಿತು. ನಾಲ್ಕನೆಯದು ‘ಇ’. ಅದರ ವರ್ಷ 6.1 ದಿನ. ನಕ್ಷತ್ರಕ್ಕೆ ಅಷ್ಟು ಹತ್ತಿರವಿರುವುದರಿಂದ ಬಹುಶಃ ಒಂದೇ ಮುಖವನ್ನು ಅದರ ಕಡೆಗೆ ತಿರುಗಿಸಿಕೊಂಡಿದೆ: ಅರ್ಧದಲ್ಲಿ ಸದಾ ಹಗಲು, ಅರ್ಧದಲ್ಲಿ ಸದಾ ರಾತ್ರಿ. ಅಲ್ಲಿ ಗಾಳಿ ಇದೆ ಎಂದುಕೊಳ್ಳೋಣ, ಉಳಿದದ್ದೆಲ್ಲ ಲೆಕ್ಕದಂತೆ ಇರಲಿ ಎಂದು ಕರಾರು ಮಾಡಿಕೊಂಡೆವು.

“ಸರ್, ಅಲ್ಲಿ ಹುಣ್ಣಿಮೆ ಆಗ್ತದಾ?” ಎಂದಳು ಒಬ್ಬಳು.

ಚಂದ್ರನೇ ಇಲ್ಲದಿದ್ದರೂ ಆಗುತ್ತದೆ. ಹೊರಗಿನ ಪಕ್ಕದ ಗ್ರಹ ‘ಎಫ್’ 9.2 ದಿನಕ್ಕೊಂದು ಸುತ್ತು ಹಾಕುತ್ತದೆ. ಸುಮಾರು 18 ದಿನದಲ್ಲಿ ‘ಇ’ ಮೂರು ಸುತ್ತು, ‘ಎಫ್’ ಎರಡು ಸುತ್ತು. ಅಂದರೆ 18 ದಿನಕ್ಕೊಮ್ಮೆ ಎರಡೂ ಎದುರುಬದುರಾಗುತ್ತವೆ. ಆಗ ರಾತ್ರಿಯ ಕಡೆಯ ಆಕಾಶದಲ್ಲಿ ‘ಎಫ್’ ತುಂಬು ಬಿಂಬವಾಗಿ, ಹೆಚ್ಚುಕಡಿಮೆ ನಮ್ಮ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ. ಅದರಾಚೆಯ ‘ಜಿ’ ಗ್ರಹದ ಹುಣ್ಣಿಮೆ 12 ದಿನಕ್ಕೊಮ್ಮೆ, ಎಲ್ಲಕ್ಕಿಂತ ಹೊರಗಿನ ‘ಎಚ್’ನದು 9 ದಿನಕ್ಕೊಮ್ಮೆ. 18, 12, 9ರ ಲಘುತ್ತಮ ಸಾಮಾನ್ಯ ಅಪವರ್ತ್ಯ (ಲಸಾಅ) 36. ಮೂರೂ ಹುಣ್ಣಿಮೆಗಳ ಕ್ರಮ 36 ದಿನಕ್ಕೊಮ್ಮೆ ಮರುಕಳಿಸುತ್ತದೆ. ಲಸಾಅ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುತ್ತಿದ್ದ ಮಕ್ಕಳು ಸೂರ್ಯೋದಯವೇ ಇಲ್ಲದ ಲೋಕಕ್ಕೆ ಪಂಚಾಂಗ ಬರೆದರು.

ಆಗ ಒಬ್ಬ ಹುಡುಗ ತಕರಾರು ತೆಗೆದ. ರಾತ್ರಿಯ ಕಡೆ ಎಲ್ಲ ಹಿಮಗಟ್ಟಿರುತ್ತದೆ, ಜನ ಇರುವುದು ಹಗಲು-ರಾತ್ರಿಯ ಗಡಿಯ ಪಟ್ಟಿಯಲ್ಲಿ ಅಲ್ಲವೇ? ಅಲ್ಲಿಂದ ನಕ್ಷತ್ರ ದಿಗಂತದಲ್ಲಿ ಕೂತಂತೆ ಕಾಣುತ್ತದೆ. ತುಂಬಿದ ‘ಎಫ್’ ಸರಿಯಾಗಿ ಎದುರು ದಿಗಂತದಲ್ಲಿ. ನಡುವೆ ಗುಡ್ಡವಿದ್ದರೆ ಕಾಣುವುದೇ ಇಲ್ಲ! ಹುಡುಗ ಹೇಳಿದ್ದು ಸರಿಯಾಗಿತ್ತು. ಅದನ್ನು ದಿಗಂತದಿಂದ 30 ಡಿಗ್ರಿ ಮೇಲೆ ನೋಡಬೇಕೆಂದರೆ ಕತ್ತಲೆಯೊಳಗೆ ಸುಮಾರು ಮೂರು ಸಾವಿರ ಕಿಲೋಮೀಟರ್ ಹೋಗಬೇಕು. ಹುಡುಗಿ ತನ್ನ ಹುಣ್ಣಿಮೆಯನ್ನು ಬಿಟ್ಟುಕೊಡಲಿಲ್ಲ. ಹಾಗಾದರೆ ಜನ ಯಾತ್ರೆ ಹೋಗಲಿ ಎಂದಳು. ಹಿಮದ ಮೇಲಿನ ದಾರಿ, ದಾರಿಯಲ್ಲಿ ಛತ್ರಗಳು, ಛತ್ರಗಳಿಗೆ ಉರುವಲು ಎಲ್ಲಿಂದ, ಎಷ್ಟು ದಿನ ಮೊದಲು ಹೊರಡಬೇಕು, ಮುದುಕರನ್ನು ಕರೆದೊಯ್ಯುವವರು ಯಾರು ಎಂದು ವಾದ ಬೆಳೆಯಿತು. ಉರುವಲಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬೆಳಕಿಲ್ಲದ ಕಡೆ ಮರ ಬೆಳೆಯಲಾರದು, ಗಡಿಯಿಂದ ಹೊತ್ತೊಯ್ದರೆ ಹೊರೆ ಭಾರವಾಗುತ್ತದೆ. ಭೂಗರ್ಭದ ಶಾಖ ಬಳಸೋಣ ಎಂದು ಒಂದು ಗುಂಪು, ಅದಕ್ಕೆ ಪುರಾವೆ ಏನು ಎಂದು ಇನ್ನೊಂದು ಗುಂಪು.

ಈ ಲೆಕ್ಕಗಳನ್ನೆಲ್ಲ ಇವತ್ತು ನಿಮಗೆ ಹಂಚಿರುವ ಹಾಳೆಯಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ. ಪರೀಕ್ಷಿಸಿ ನೋಡಿ. ಉರುವಲಿನ ವಿಷಯದಲ್ಲಿ ನಿಮಗೆ ಏನಾದರೂ ಹೊಳೆದರೆ ಹಾಳೆಯ ಹಿಂಬದಿಯಲ್ಲಿ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ನನಗೆ ಕೊಡಿ, ಮಕ್ಕಳಿಗೆ ತಲುಪಿಸುತ್ತೇನೆ.